ನೆರೆಮನೆಯ ಗೋಡೆ ನಡುಗಿಸುವ ಮೀಲಾದ್ ಯಾರಿಗಾಗಿ?

ತುಮಕೂರಿನ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸಾಬರ ಮಕ್ಕಳು, ಗೌಡರ ಮಕ್ಕಳು ಎನ್ನದೆ ಬೀದಿಯ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿದವರು. ಕೆಲವು ವರ್ಷಗಳ ಹಿಂದೆ ಅವರಿಗೆ ಎದೆಯ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದು ಹದಿನೈದು ದಿನವಾಗಿತ್ತು. ಅಂದು ಮೀಲಾದ್ ಹಬ್ಬ. ರಾತ್ರಿ ಹತ್ತೂವರೆಯ ಹೊತ್ತಿಗೆ ಅವರ ಮನೆಯ ಮುಂದೆ ಡಿ.ಜೆ. ಹೊತ್ತ ಲಾರಿ ಬಂದು ನಿಂತಿತು. ಮುಂದೆ ನೂರಾರು ಹುಡುಗರು ಹಸಿರು ಬಾವುಟ ಹಿಡಿದು ಕುಣಿಯುತ್ತಿದ್ದರು. ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದು ಕೈಮುಗಿದು ಏನೋ ಹೇಳುತ್ತಿದ್ದರು. ಅವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ.

ನಾವು ಹುಡುಗರ ಹತ್ತಿರ ಹೋಗಿ, "ಸ್ವಲ್ಪ ಕಡಿಮೆ ಮಾಡಿ, ಇಲ್ಲವೇ ಲಾರಿ ಮುಂದಕ್ಕೆ ತೆಗೆಯಿರಿ" ಎಂದು ಕೇಳಿಕೊಂಡೆವು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ನಮ್ಮ ಕಣ್ಣೆದುರೇ ಬೆಳೆದವನು, ನಮ್ಮನ್ನು ದಿಟ್ಟಿಸಿ ನೋಡಿ ಕೇಳಿದ: "ಅವ್ರು ಮಸೀದಿ ಮುಂದೆ ನಿಲ್ಲಿಸ್ಕೊಂಡು ಹಾಕಿದ್ರಲ್ಲ, ಆವಾಗ ನೀವು ಹೋಗಿ ಕೇಳಿದ್ರಾ ಚಾಚಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ನಾವು ಹೋಗಿ ಕೇಳಿರಲಿಲ್ಲ ಎಂಬುದು ನಿಜ. ಆದರೆ ಆ ಪ್ರಶ್ನೆಗೆ ಉತ್ತರ ಹೇಳದೆ ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿದೆ. ಈ ಬರಹ ಆ ಹುಡುಗನಿಗೂ, ಅವನಿಗೆ ಚಂದಾ ಎತ್ತಿಕೊಟ್ಟ ಹಿರಿಯರಿಗೂ, ಅದೇ ಲಾರಿಯನ್ನು ಗಣೇಶನ ಮುಂದೆ ನಿಲ್ಲಿಸುವ ನಮ್ಮ ಹಿಂದೂ ಗೆಳೆಯರಿಗೂ ಸೇರಿದ್ದು.

ಪೆಟ್ಟಿಗೆ ಬಂದ ದಾರಿ

ಡಿ.ಜೆ. ಎಂದರೆ ಮೂಲತಃ ಡಿಸ್ಕ್ ಜಾಕಿ, ಅಂದರೆ ಒಬ್ಬ ಮನುಷ್ಯ. ಯಾವ ಹಾಡಿನ ನಂತರ ಯಾವ ಹಾಡು ಬರಬೇಕು, ಜನ ಯಾವಾಗ ಕುಣಿಯಬೇಕು, ಯಾವಾಗ ದಣಿವಾರಿಸಿಕೊಳ್ಳಬೇಕು ಎಂದು ಬಲ್ಲವನು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಈ ಮನುಷ್ಯ ಮಾಯವಾಗಿ ಪೆಟ್ಟಿಗೆ ಮಾತ್ರ ಉಳಿದಿದೆ. ನಮ್ಮಲ್ಲಿ ಡಿ.ಜೆ. ಎಂದರೆ ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಆಳೆತ್ತರಕ್ಕೆ ಪೇರಿಸಿದ ಬೇಸ್ ಬಾಕ್ಸು, ಅದರ ಹಿಂದೊಂದು ಜನರೇಟರು, ಕಣ್ಣು ಕುಕ್ಕುವ ಲೈಟು. ಮದುವೆ ದಿಬ್ಬಣಕ್ಕೂ ಅದೇ, ಗಣೇಶ ವಿಸರ್ಜನೆಗೂ ಅದೇ, ಉರುಸಿಗೂ ಅದೇ, ಚುನಾವಣೆ ಗೆದ್ದವನ ಮೆರವಣಿಗೆಗೂ ಅದೇ.

"ಇದೆಲ್ಲ ಪಾಶ್ಚಾತ್ಯರ ಕೊಡುಗೆ, ಪಬ್ಬು ಕ್ಲಬ್ಬುಗಳ ಸಂಸ್ಕೃತಿ ನಮ್ಮ ಯುವಕರನ್ನು ಹಾಳು ಮಾಡಿತು" ಎಂದು ನಮ್ಮ ವೇದಿಕೆಗಳಲ್ಲಿ ಆಗಾಗ ಭಾಷಣ ಕೇಳುತ್ತೇವೆ. ಮಸೀದಿಯ ಮಿಂಬರಿನಿಂದಲೂ ಕೇಳುತ್ತೇವೆ, ಧರ್ಮಸಭೆಗಳಲ್ಲೂ ಕೇಳುತ್ತೇವೆ. ಈ ಆರೋಪ ಎಷ್ಟು ನಿಜ ಎಂದು ಒಮ್ಮೆ ನೋಡೋಣ.

ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ ಬೀದಿಯಲ್ಲಿ ಹಾಡು ಹಾಕುವ ಪದ್ಧತಿ ಬ್ರಿಟನ್ನಿಗೆ ಹೋದದ್ದು ಜಮೈಕಾದಿಂದ. ಎರಡನೇ ಮಹಾಯುದ್ಧದ ನಂತರ ದುಡಿಯಲು ಲಂಡನ್ನಿಗೆ ಬಂದ ಕರಿಯ ಜನರಿಗೆ ಅಲ್ಲಿನ ಎಷ್ಟೋ ಕ್ಲಬ್ಬುಗಳು ಬಾಗಿಲು ತೆರೆಯಲಿಲ್ಲ. ಅವರು ತಮ್ಮ ಮನೆಗಳ ನೆಲಮಾಳಿಗೆಯಲ್ಲೇ ಹಾಡು ಹಾಕಿಕೊಂಡು ಕುಣಿದರು. 1966ರಲ್ಲಿ ಶುರುವಾದ ನಾಟಿಂಗ್ ಹಿಲ್ ಉತ್ಸವ ಮುಂದೆ ಅವರ ಬೀದಿಹಬ್ಬವಾಗಿ ಬೆಳೆಯಿತು. ಎಂಬತ್ತರ ದಶಕದಲ್ಲಿ ಸೌತಾಲ್, ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ಗಳ ಪಂಜಾಬಿ, ಪಾಕಿಸ್ತಾನಿ, ಬಂಗಾಳಿ ಕುಟುಂಬಗಳ ಮಕ್ಕಳು ಮಧ್ಯಾಹ್ನದ ಹೊತ್ತು ಸಭಾಂಗಣಗಳಲ್ಲಿ ಭಾಂಗ್ರಾ ಕುಣಿಯುತ್ತಿದ್ದರು. ರಾತ್ರಿ ಹೊರಗೆ ಹೋಗಲು ಮನೆಯವರು ಬಿಡುತ್ತಿರಲಿಲ್ಲ, ಬಿಟ್ಟರೂ ಎಷ್ಟೋ ಕ್ಲಬ್ಬಿನ ಬಾಗಿಲಲ್ಲಿ ಬಣ್ಣ ನೋಡುತ್ತಿದ್ದರು. ಹೀಗೆ ಬೆಳೆದ ಪೀಳಿಗೆಯ ತಬಲಾ ವಾದಕ ತಲ್ವಿನ್ ಸಿಂಗ್ 1995ರಲ್ಲಿ ಪೂರ್ವ ಲಂಡನ್ನಿನ ಕ್ಲಬ್ಬೊಂದರಲ್ಲಿ 'ಅನೋಖಾ' ಎಂಬ ರಾತ್ರಿಕೂಟ ನಡೆಸಿ, 1999ರಲ್ಲಿ ಆ ದೇಶದ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಪಡೆದರು. ಅಂದರೆ ಬಾಗಿಲಾಚೆ ನಿಲ್ಲಿಸಲ್ಪಟ್ಟವರು ತಮಗೊಂದು ಜಾಗ ಮಾಡಿಕೊಳ್ಳಲು ಬಳಸಿದ ಸಾಧನ ಅದು. ನೆರೆಯವನನ್ನು ಹೆದರಿಸಲು ಹುಟ್ಟಿದ್ದಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. 1988ರ ಹೊತ್ತಿಗೆ ಹೊಸ ಬಗೆಯ ಎಲೆಕ್ಟ್ರಾನಿಕ್ ಸಂಗೀತದ ಜೊತೆ ಮಾದಕ ಮಾತ್ರೆಗಳೂ ಬಂದವು, ಅದರಿಂದ ಸಾವುಗಳೂ ಆದವು. 1992ರ ಮೇ ತಿಂಗಳಲ್ಲಿ ಕ್ಯಾಸಲ್‌ಮಾರ್ಟನ್ ಎಂಬಲ್ಲಿನ ಬಯಲಿಗೆ ಹತ್ತಾರು ಸಾವಿರ ಯುವಕರು ಬಂದು ಕೆಲವು ದಿನ ಹಗಲು ರಾತ್ರಿ ಕುಣಿದರು. ಸುತ್ತಲ ಹಳ್ಳಿಯವರು ನಿದ್ದೆಗೆಟ್ಟು ರೋಸಿಹೋದರು. ಸರಕಾರ 1994ರಲ್ಲಿ ಕಾನೂನು ತಂದಿತು. ಅದರಲ್ಲಿ 'ಒಂದೇ ಸಮನೆ ಬಡಿಯುವ ತಾಳ' ಎಂದು ಸಂಗೀತದ ಲಕ್ಷಣವನ್ನೇ ವಿವರಿಸಿದ್ದರಿಂದ ಯುವಜನರು ಲಂಡನ್ನಿನ ಬೀದಿಗಿಳಿದು ಪ್ರತಿಭಟಿಸಿದರು. ತಾಳವನ್ನು ಅಪರಾಧಿಯನ್ನಾಗಿಸಿದ್ದು ತಪ್ಪು ಎಂದೇ ನಾವೂ ಹೇಳುತ್ತೇವೆ. ಆದರೆ ಊರವನ ನಿದ್ದೆಗೂ ಒಂದು ಹಕ್ಕಿದೆ ಎಂಬ ಮಾತು ಆ ಜಗಳದಲ್ಲಿ ಗಟ್ಟಿಯಾಯಿತು. ಇಂದು ಅಲ್ಲಿ ಕ್ಲಬ್ಬಿಗೆ ಪರವಾನಗಿ ಬೇಕು. ನೆರೆಯವರು ದೂರು ಕೊಟ್ಟರೆ ಆ ಪರವಾನಗಿಯ ಮರುಪರಿಶೀಲನೆ ಆಗಬಹುದು. ಕೆಲಸದ ಜಾಗದ ಶಬ್ದದ ಬಗ್ಗೆ 2005ರಲ್ಲಿ ಬಂದ ನಿಯಮ 2008ರಿಂದ ಸಂಗೀತ ಮನರಂಜನೆಯ ಜಾಗಗಳಿಗೂ ಅನ್ವಯವಾಯಿತು. ಅದರ ಪ್ರಕಾರ ದಿನದ ಸರಾಸರಿ ಶಬ್ದ 85 ಡೆಸಿಬೆಲ್ ಮುಟ್ಟುವ ಕಡೆ ದುಡಿಯುವ ನೌಕರನ ಕಿವಿಗೆ ರಕ್ಷಣೆ ಕೊಡುವುದು ಮಾಲೀಕನ ಹೊಣೆ. ನಮ್ಮ ಟ್ರ್ಯಾಕ್ಟರಿನ ಮೇಲೆ ಬಾಕ್ಸಿಗೆ ಒರಗಿಕೊಂಡೇ ರಾತ್ರಿ ಕಳೆಯುವ ಹುಡುಗನ ಕಿವಿಗೆ ಹತ್ತಿ ಇಡುವವರೂ ಇಲ್ಲ.

ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಬ್ರಿಟನ್ನಿನ ಕ್ಲಬ್ಬಿಗೆ ಹೋಗುವವನು ಟಿಕೆಟ್ ಕೊಂಡು, ಬೇಕೆಂದೇ ಹೋಗುತ್ತಾನೆ. ಬೇಡವಾದವನು ಮನೆಯಲ್ಲಿ ಮಲಗುತ್ತಾನೆ. ಅಲ್ಲಿನ ಕುಡಿತ, ಮಾದಕ ವಸ್ತುಗಳನ್ನು ನಾವು ಒಪ್ಪುವುದಿಲ್ಲ. ಆದರೆ ಬಾಣಂತಿಯ ಕೋಣೆಗೆ, ಹೃದ್ರೋಗಿಯ ಹಾಸಿಗೆಗೆ, ಪರೀಕ್ಷೆಗೆ ಓದುವ ಮಗುವಿನ ಮೇಜಿಗೆ ಕೇಳದೆ ನುಗ್ಗುವ ಶಬ್ದವನ್ನು ನಾವು ಯಾವ ಪಾಶ್ಚಾತ್ಯರಿಂದಲೂ ಕಲಿತದ್ದಲ್ಲ. ಅದು ನಮ್ಮದೇ ಸಾಧನೆ. ಬೇರೆಯವರ ತಲೆಗೆ ಕಟ್ಟುವುದು ಬೇಡ.

ನಮ್ಮಲ್ಲೂ ರಾತ್ರಿಗಳಿದ್ದವು

ರಾತ್ರಿಯ ಮನರಂಜನೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಗುಬ್ಬಿ ಎಂಬ ಸಣ್ಣ ಊರಿನಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಇಡೀ ದಕ್ಷಿಣ ಭಾರತಕ್ಕೆ ಹೆಸರಾಯಿತು. ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ಆನೆ, ಕುದುರೆಗಳೂ ಬಂದವು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ಜನ ಗಾಡಿ ಕಟ್ಟಿಕೊಂಡು, ಚಾಪೆ ಹಿಡಿದುಕೊಂಡು ಬಂದು ಬೆಳಗಿನ ಜಾವದವರೆಗೂ ನಾಟಕ ನೋಡುತ್ತಿದ್ದರು. ಕನ್ನಡ ರಂಗಭೂಮಿಯ ದೊಡ್ಡ ನಟರಲ್ಲಿ ಒಬ್ಬರಾದ ಮಹಮದ್ ಪೀರ್ ತಮ್ಮದೇ ಕಂಪನಿ ಕಟ್ಟಿ ಆಡಿಸಿದ ನಾಟಕಗಳಿಗೆ ಹಿಂದೂಗಳು ಮುಸ್ಲಿಮರು ಒಟ್ಟಿಗೆ ಕೂತು ಕಣ್ಣೀರು ಹಾಕಿದರು. ರಂಗದ ಮೇಲಿನ ಮಾತು ಹಿಂದಿನ ಸಾಲಿನವನಿಗೂ ಕೇಳುವಂತೆ ಕಂಠ ಪಳಗಿಸುವುದು ಅಂದಿನ ವಿದ್ಯೆಯಾಗಿತ್ತು. ಊರಾಚೆಗೂ ಕೇಳಬೇಕೆಂಬ ಹಟ ಯಾರಿಗೂ ಇರಲಿಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೊಹರ್ರಮ್ಮಿಗೆ ಬಾಬಯ್ಯನ ಹಬ್ಬ ಎಂದು ಹೆಸರು. ತಮಟೆ ಬಡಿಯುವವರು ದಲಿತರು, ಹರಕೆ ಹೊರುವವರು ಒಕ್ಕಲಿಗರು, ಪಂಜಾ ಹಿಡಿಯುವವರು ಸಾಬರು. ಈ ಆಚರಣೆಯ ಬಗ್ಗೆ ನಮ್ಮ ಉಲೇಮಾಗಳ ಆಕ್ಷೇಪವಿರುವುದು ನಮಗೆ ಗೊತ್ತು, ಆ ಚರ್ಚೆ ಬೇರೆ. ನಾವು ಹೇಳುತ್ತಿರುವುದು ಇಷ್ಟೇ: ತಮಟೆಯ ಸದ್ದು ಊರನ್ನು ಹೊರಗೆ ಕರೆಯುತ್ತಿತ್ತು, ಪೆಟ್ಟಿಗೆಯ ಸದ್ದು ಊರಿನ ಬಾಗಿಲು ಹಾಕಿಸುತ್ತಿದೆ. ಸೋಮನ ಕುಣಿತದವರು, ವೀರಗಾಸೆಯವರು, ಮದುವೆಯಲ್ಲಿ ಕ್ಲಾರಿನೆಟ್ ಊದುತ್ತಿದ್ದ ಬ್ಯಾಂಡ್‌ಸೆಟ್ಟಿನ ನಮ್ಮ ಹಿರಿಯರು, ಇವರೆಲ್ಲರ ಅನ್ನವನ್ನು ಒಂದು ಜನರೇಟರು ತಿಂದುಹಾಕಿತು. ಸಂಸ್ಕೃತಿ ರಕ್ಷಣೆಯ ಹೆಸರಿನಲ್ಲಿ ಎದೆ ತಟ್ಟಿಕೊಳ್ಳುವವರಿಗೆ ಇದು ಸಂಸ್ಕೃತಿಯ ನಾಶ ಎಂದು ಕಾಣಿಸುವುದೇ ಇಲ್ಲ.

ಶಬ್ದದ ಲೆಕ್ಕ, ಕಾನೂನಿನ ಲೆಕ್ಕ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರಕಾರ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ.

ಡೆಸಿಬೆಲ್ ಲೆಕ್ಕ ರೂಪಾಯಿಯ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. 55ರ ಮಿತಿಯಿರುವ ಬೀದಿಯಲ್ಲಿ 105 ಡೆಸಿಬೆಲ್ ಬಡಿದರೆ ಅದು ಮಿತಿಗಿಂತ ಒಂದು ಲಕ್ಷ ಪಟ್ಟು. ಅದರಲ್ಲೂ ಬೇಸ್ ಎನ್ನುವ ಕೆಳಸ್ವರದ ಅಲೆಗಳು ಮೀಟರುಗಟ್ಟಲೆ ಉದ್ದ. ಕಿಟಕಿ ಮುಚ್ಚಿದರೂ ಗೋಡೆಯ ಮೂಲಕ ಒಳಗೆ ಬರುತ್ತವೆ. ಕಿವಿ ಮುಚ್ಚಿಕೊಂಡರೂ ಎದೆಗೂಡಿನಲ್ಲಿ ಬಡಿಯುತ್ತವೆ. ಮೇಷ್ಟ್ರ ಮನೆಯಲ್ಲಿ ಆ ರಾತ್ರಿ ನಡೆದದ್ದು ಇದೇ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಮಹತ್ವದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಅರ್ಜಿಯಲ್ಲಿದ್ದ ಸಂಗತಿ ಓದಿದರೆ ಕರುಳು ಹಿಂಡುತ್ತದೆ. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯುವಾಗ ಅವಳ ಕೂಗು ನೆರೆಹೊರೆಯವರಿಗೆ ಕೇಳಿಸಲೇ ಇಲ್ಲ, ಅಷ್ಟು ಜೋರಾಗಿ ಹತ್ತಿರದಲ್ಲಿ ಧ್ವನಿವರ್ಧಕದ ಹಾಡು ಮೊಳಗುತ್ತಿತ್ತು. ಆ ಮಗು ಮುಂದೆ ಬೆಂಕಿ ಹಚ್ಚಿಕೊಂಡು ಸತ್ತಿತು. ಶಬ್ದ ಎಂದರೆ ಬರೀ ಕಿರಿಕಿರಿ ಎಂದು ತಿಳಿದವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

'ಅವರು ಹಾಕಿದರು, ಅದಕ್ಕೇ ನಾವೂ'

ಈಗ ಗ್ಯಾರೇಜಿನ ಹುಡುಗನ ಪ್ರಶ್ನೆಗೆ ಬರೋಣ. ಅವನ ಮಾತಿನಲ್ಲಿ ಸುಳ್ಳಿಲ್ಲ. ಮಸೀದಿಯ ಮುಂದೆ ಬೇಕೆಂದೇ ಲಾರಿ ನಿಲ್ಲಿಸಿ, ಬೇಕೆಂದೇ ಕೆಣಕುವ ಹಾಡು ಹಾಕುವ ಚಾಳಿ ನಾಡಿನಲ್ಲಿ ಬೆಳೆದಿದೆ. ಹಾಡು ಅಲ್ಲಿ ಭಕ್ತಿಗಲ್ಲ, ಸವಾಲಿಗೆ. 2023, 2024, 2025 ಈ ಮೂರೂ ವರ್ಷ ಗಣೇಶ ಚತುರ್ಥಿ ಮತ್ತು ಮೀಲಾದ್ ಹತ್ತು ದಿನಗಳ ಆಸುಪಾಸಿನಲ್ಲೇ ಬಂದವು. ಅವರ ಲಾರಿಗಿಂತ ನಮ್ಮದು ದೊಡ್ಡದಿರಬೇಕು, ನಮ್ಮದಕ್ಕಿಂತ ಅವರದು ದೊಡ್ಡದಿರಬೇಕು ಎಂಬ ಪಂದ್ಯವೇ ಹಬ್ಬವಾಗಿಬಿಟ್ಟಿತು. ಕುಣಿಗಲ್ಲಿನ ನೆರೆಯ ತಾಲ್ಲೂಕಾದ ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶನ ಮೆರವಣಿಗೆ ದರ್ಗಾದ ಬಳಿ ಬಂದಾಗ ಜಗಳ ಹತ್ತಿ, ಕಲ್ಲು ಬಿದ್ದು, ಅಂಗಡಿಗಳಿಗೆ ಬೆಂಕಿ ಬಿತ್ತು. ಸುಟ್ಟುಹೋದದ್ದು ಎರಡೂ ಕಡೆಯ ಸಣ್ಣ ವ್ಯಾಪಾರಿಗಳ ಬದುಕು. ಮೆರವಣಿಗೆಗಳು ಪಂದ್ಯವಾದರೆ ಕೊನೆಗೆ ಎಲ್ಲಿಗೆ ಮುಟ್ಟುತ್ತವೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಆದರೆ ಮಗನೇ, ಅವರು ಮಸೀದಿಯ ಮುಂದೆ ಹಾಕಿದ್ದಕ್ಕೆ ನೀನು ಸೇಡು ತೀರಿಸಿಕೊಂಡದ್ದು ಯಾರ ಮೇಲೆ? ಲಾರಿ ನಿಲ್ಲಿಸಿದವನ ಮೇಲಲ್ಲ. ನಿನಗೆ ಅಕ್ಷರ ಕಲಿಸಿದ ಮೇಷ್ಟ್ರ ಮೇಲೆ. ಅವರ ಹುಡುಗರು ಲಾರಿ ನಿಲ್ಲಿಸಿದಾಗ ಸಂಕಟಪಟ್ಟವರೂ ಯಾವ ಧರ್ಮದ ಮುಖಂಡರೂ ಅಲ್ಲ, ನಮ್ಮ ಮನೆಯ ಮುದುಕಿಯರು, ಕೂಸುಗಳು. ಈ ಪಂದ್ಯದಲ್ಲಿ ಗೆದ್ದವರು ಯಾರೂ ಇಲ್ಲ, ಬಾಡಿಗೆ ಎಣಿಸಿಕೊಂಡ ಪೆಟ್ಟಿಗೆಯ ಮಾಲೀಕನೊಬ್ಬನ ಹೊರತು. ಅವನು ಇವತ್ತು ಹಸಿರು ಬಾವುಟ ಕಟ್ಟುತ್ತಾನೆ, ನಾಳೆ ಕೇಸರಿ ಕಟ್ಟುತ್ತಾನೆ.

ಇನ್ನೊಂದು ಮಾತು. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ವಕ್ಫ್ ಮಂಡಳಿಯೇ ಮಸೀದಿ, ದರ್ಗಾಗಳಲ್ಲಿ ರಾತ್ರಿ 10ರಿಂದ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು ಸುತ್ತೋಲೆ ಹೊರಡಿಸಿತು. 2022ರಲ್ಲಿ ಆಝಾನ್ ವಿರುದ್ಧ ದೊಡ್ಡ ಗುಲ್ಲೆಬ್ಬಿಸಿದಾಗಲೂ ನಮ್ಮ ಹಿರಿಯರು ಬೀದಿಗಿಳಿಯದೆ, ಅನುಮತಿಗೆ ಅರ್ಜಿ ಹಾಕಿ, ಕಾನೂನು ಒಪ್ಪಿದರು. ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯದ ಹೈಕೋರ್ಟು ಆಝಾನ್ ಬೇರೆ ಧರ್ಮದವರ ಹಕ್ಕನ್ನು ಕಸಿಯುತ್ತದೆ ಎಂಬ ವಾದವನ್ನು ತಳ್ಳಿಹಾಕಿತು, ಜೊತೆಗೆ ಶಬ್ದದ ನಿಯಮ ಪಾಲನೆಯಾಗಲಿ ಎಂದಿತು. ಇದು ನಮಗೆ ಸಿಕ್ಕ ನೈತಿಕ ಬಲ. ಕೆಲವೇ ನಿಮಿಷದ ಆಝಾನಿನ ದನಿಯನ್ನು ತಗ್ಗಿಸಿದ ನಾವು, ಪ್ರವಾದಿಯವರ(ಸ) ಹುಟ್ಟುಹಬ್ಬದ ಹೆಸರಿನಲ್ಲಿ ಐದು ತಾಸು ಸಿನಿಮಾ ತಾಳ ಬಡಿಸಿದರೆ ಆ ಬಲವನ್ನು ನಾವೇ ಬೀದಿಗೆ ಚೆಲ್ಲಿದಂತೆ. ಮೀಲಾದ್ ಮೆರವಣಿಗೆಯ ಡಿ.ಜೆ. ಬಗ್ಗೆ ಬಾಂಬೆ ಹೈಕೋರ್ಟಿಗೆ 2024ರಲ್ಲಿ ಅರ್ಜಿ ಹೋದಾಗ, ಗಣೇಶ ಹಬ್ಬದಲ್ಲಿ ಕೆಟ್ಟದ್ದಾದ ಶಬ್ದ ಈದಿನಲ್ಲೂ ಕೆಟ್ಟದ್ದೇ ಎಂಬ ಅರ್ಥದ ಮಾತನ್ನು ನ್ಯಾಯಪೀಠ ಆಡಿತು. ನ್ಯಾಯ ಎಂದರೆ ಇದೇ. ಇದನ್ನು ನ್ಯಾಯಾಲಯ ಹೇಳುವ ಮೊದಲು ನಾವು ಹೇಳಬೇಕಿತ್ತು.

ಸಂಗೀತ ಹಲಾಲೋ ಹರಾಮೋ ಎಂಬ ವಾದವನ್ನು ಉಲೇಮಾಗಳು ಶತಮಾನಗಳಿಂದ ನಡೆಸುತ್ತಿದ್ದಾರೆ, ನಡೆಸಲಿ. ಖವ್ವಾಲಿ ಕೇಳಿ ಬೆಳೆದವರು ನಮ್ಮಲ್ಲಿದ್ದಾರೆ, ದಫ್‌ನ ಹೊರತು ಬೇರೇನೂ ಕೂಡದೆನ್ನುವವರೂ ಇದ್ದಾರೆ. ಆದರೆ ನೆರೆಯವನನ್ನು ನೋಯಿಸುವುದು ಪಾಪ ಎಂಬ ವಿಷಯದಲ್ಲಿ ಯಾವ ಆಲಿಮನಿಗೂ ಭಿನ್ನಾಭಿಪ್ರಾಯವಿಲ್ಲ. ಯಾರ ಉಪಟಳದಿಂದ ನೆರೆಯವನು ನೆಮ್ಮದಿಯಾಗಿಲ್ಲವೋ ಅವನ ಈಮಾನನ್ನೇ ಪ್ರವಾದಿಯವರು(ಸ) ಪ್ರಶ್ನಿಸಿದರು. ಅಲ್ಲಿ ನೆರೆಯವನ ಜಾತಿ ಧರ್ಮ ಕೇಳಿಲ್ಲ. ಲುಕ್ಮಾನ್ ತನ್ನ ಮಗನಿಗೆ ಹೇಳಿದ ಬುದ್ಧಿಮಾತುಗಳಲ್ಲಿ ದನಿ ತಗ್ಗಿಸಬೇಕೆಂಬುದೂ ಒಂದು ಎಂದು ಕುರ್‌ಆನ್ ನಮಗೆ ತಿಳಿಸುತ್ತದೆ. ಇಂಥ ಪ್ರವಾದಿಯ ಹೆಸರಿನಲ್ಲಿ ರೋಗಿಯ ಎದೆ ನಡುಗಿಸುವುದು ಪ್ರೀತಿಯೋ ಅವಮಾನವೋ ನಾವೇ ಕೇಳಿಕೊಳ್ಳಬೇಕು.

ಹುಡುಗರನ್ನಷ್ಟೇ ಬೈದರೆ ಸಾಲದು

ಇಷ್ಟು ಹೇಳಿ ಕೈತೊಳೆದುಕೊಂಡರೆ ಅದು ಆತ್ಮವಂಚನೆ. ಲಾರಿಯ ಮುಂದೆ ಕುಣಿಯುವವರು ಯಾರು? ಗ್ಯಾರೇಜು, ವೆಲ್ಡಿಂಗ್ ಶಾಪು, ಮಂಡಿ, ಹಣ್ಣಿನ ಗಾಡಿಗಳಲ್ಲಿ ವರ್ಷವಿಡೀ ದುಡಿಯುವ ಹುಡುಗರು. ಗಣೇಶನ ಮುಂದೆ ಕುಣಿಯುವವರೂ ಇಂಥವರೇ. ಅವರ ಬೀದಿಗಳಲ್ಲಿ ಆಟದ ಮೈದಾನವಿಲ್ಲ, ಗ್ರಂಥಾಲಯವಿಲ್ಲ. ವರ್ಷಕ್ಕೊಂದು ರಾತ್ರಿ ರಸ್ತೆ ತಮ್ಮದು ಎನಿಸುತ್ತದೆ, ಮಾಲೀಕನ ಮಾತು ಕೇಳಿಸುವುದಿಲ್ಲ. ಆ ಸಂತೋಷವನ್ನು ನಾವು ಹೀಗಳೆಯುವುದಿಲ್ಲ. ಅವರ ಕೈಗೆ ಚಂದಾ ಕೊಟ್ಟು, ಫ್ಲೆಕ್ಸಿನಲ್ಲಿ ತಮ್ಮ ಫೋಟೋ ಹಾಕಿಸಿಕೊಂಡು, ಮೊಕದ್ದಮೆಯಾದ ಮರುದಿನ ಫೋನು ಎತ್ತದ ಮುಖಂಡರನ್ನು ಮಾತ್ರ ನಾವು ಕ್ಷಮಿಸಲಾರೆವು.

ನಮ್ಮ ಹೆಣ್ಣುಮಕ್ಕಳಿಗೆ ಆ ಒಂದು ರಾತ್ರಿಯೂ ಇಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದು ಅಟ್ಟಾಡಿಸಿದವರು ಸಂಸ್ಕೃತಿಯ ಹೆಸರು ಹೇಳಿದರು. ಕ್ಯಾಮೆರಾಗಳ ಮುಂದೆಯೇ ನಡೆದ ಆ ಹಲ್ಲೆಯ ಮೊಕದ್ದಮೆಯಲ್ಲಿ 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಪಬ್ಬಿನ ಕುಡಿತವನ್ನು ನಾವು ಸಮರ್ಥಿಸುವುದಿಲ್ಲ, ಆದರೆ ಹೊಡೆಯುವ ಹಕ್ಕನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ನಾಲ್ಕು ಗೋಡೆಯೊಳಗೆ ಹುಡುಗಿಯೊಬ್ಬಳು ಹೆಜ್ಜೆ ಹಾಕಿದರೆ ಸಂಸ್ಕೃತಿ ಕೆಡುತ್ತದೆ, ನಡುರಸ್ತೆಯಲ್ಲಿ ಗಂಡಸರು ಐಟಂ ಹಾಡಿಗೆ ಕುಣಿದರೆ ಭಕ್ತಿಯಾಗುತ್ತದೆ! ಈ ಇಬ್ಬಂದಿತನ ಎರಡೂ ಸಮುದಾಯಗಳಲ್ಲಿದೆ. ನಮ್ಮ ಶಾದಿಮಹಲುಗಳಲ್ಲೂ ಇದೆ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಮೊದಲನೆಯದು ನಮ್ಮದೇ ಜಮಾಅತ್‌ಗಳಿಗೆ. ಮೀಲಾದ್ ಮೆರವಣಿಗೆಗೆ ಡಿ.ಜೆ. ಬೇಡ ಎಂದು ಮುತವಲ್ಲಿಗಳು, ಖತೀಬರು ಹಬ್ಬಕ್ಕೆ ತಿಂಗಳು ಮೊದಲೇ ಜುಮಾದಲ್ಲಿ ಹೇಳಬೇಕು. ಪೊಲೀಸರು ಹೇಳಿದರೆಂದಲ್ಲ, ಅವರು ನಿಲ್ಲಿಸಿದರೆ ನಾವೂ ನಿಲ್ಲಿಸುತ್ತೇವೆ ಎಂಬ ಚೌಕಾಸಿಯೂ ಬೇಡ. ಎರಡನೆಯದು ನಮ್ಮ ಹಿಂದೂ ಗೆಳೆಯರಿಗೆ: ನಿಮ್ಮ ಬೀದಿಯಲ್ಲೂ ನಿದ್ದೆಗೆಟ್ಟ ಮುದುಕರಿದ್ದಾರೆ, ಅವರ ಪರವಾಗಿ ನೀವೂ ಬಾಯಿ ತೆರೆಯಿರಿ. ಮೂರನೆಯದು ಪೊಲೀಸರಿಗೆ: ಶಾಂತಿ ಸಭೆಯಲ್ಲಿ ಚಹಾ ಕುಡಿಸಿ ಕಳಿಸಿದರೆ ಸಾಲದು, ಎಲ್ಲ ಮೆರವಣಿಗೆಗೂ ಒಂದೇ ಡೆಸಿಬೆಲ್ ಮಾಪಕ ಹಿಡಿಯಿರಿ. ಒಬ್ಬರ ಪೆಟ್ಟಿಗೆ ಜಪ್ತಿ ಮಾಡಿ ಇನ್ನೊಬ್ಬರದಕ್ಕೆ ಬೆಂಗಾವಲು ಕೊಟ್ಟರೆ ಕಾನೂನಿನ ಮೇಲಿನ ನಂಬಿಕೆಯೇ ಹೋಗುತ್ತದೆ. ನಾಲ್ಕನೆಯದು ನಗರಪಾಲಿಕೆ, ಜಿಲ್ಲಾಡಳಿತಕ್ಕೆ: ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅದರ ಬಾಗಿಲು ದುಡಿಯುವ ಹುಡುಗ ಹುಡುಗಿಯರಿಗೂ ತೆರೆಯಲಿ. ಹಾಡಲಿ, ಕುಣಿಯಲಿ, ನಾಟಕ ಆಡಲಿ. ರಸ್ತೆಯನ್ನು ಬಿಟ್ಟರೆ ಬೇರೆ ಜಾಗವೇ ಇಲ್ಲದವನಿಗೆ ರಸ್ತೆ ಬಿಡು ಎಂದು ಹೇಳುವ ಅಧಿಕಾರ ನಮಗೆಲ್ಲಿಂದ ಬರಬೇಕು?

ಮೇಷ್ಟ್ರು ಇದ್ದಾರೆ, ಆರೋಗ್ಯವಾಗಿದ್ದಾರೆ. ಆ ರಾತ್ರಿಯ ಬಗ್ಗೆ ಅವರು ಇಂದಿನವರೆಗೂ ಒಂದು ಮಾತೂ ಆಡಿಲ್ಲ. ರಂಜಾನ್ ಬಂದಾಗ ಎಂದಿನಂತೆ ಖರ್ಜೂರ ಕಳಿಸುತ್ತಾರೆ. ಅವರು ಆಡದ ಮಾತು ನಮ್ಮನ್ನು ಹೆಚ್ಚು ಚುಚ್ಚುತ್ತದೆ. ಆ ಹುಡುಗನಿಗೆ ನಮ್ಮ ಉತ್ತರ ಇಷ್ಟೇ: ಅಂದು ನಾವು ಹೋಗಿ ಕೇಳದೆ ಇದ್ದದ್ದು ನಮ್ಮ ತಪ್ಪು. ಮುಂದೆ ಯಾರ ಲಾರಿ ಯಾರ ಮನೆಯ ಮುಂದೆ ನಿಂತರೂ ಹೋಗಿ ಕೇಳುತ್ತೇವೆ. ನೀನೂ ಜೊತೆಗೆ ಬಾ.